ನಸುಕಿಗೆ ಇಳಿಯುವ ಸಕ್ಕರೆ

ಸಕ್ಕರೆ ಕಾಯಿಲೆಯೆಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ರಕ್ತದಲ್ಲಿ ಸಕ್ಕರೆ ಏರುವ ಮಧುಮೇಹವೇ ಹೊರತು ಅದು ಇಳಿದುಹೋಗುವ ವಿಪತ್ತಲ್ಲ. ತೊಟ್ಟಿಲ ಕೂಸಿಗೂ ಅದು ಇಳಿದೀತೆಂಬ ಶಂಕೆಯಂತೂ, ದೇವದುರ್ಗದ ಸೀಮೆಯ ಯಾವುದೋ ಹಳ್ಳಿಯಲ್ಲಿ ನಸುಕಿನ ಜಾವ ಮಗು ಮೈಯೆಲ್ಲ ಬೆವೆತು, ಕಣ್ಣು ಮೇಲಕ್ಕೆ ಮಾಡಿ ಸೆಟೆದುಕೊಂಡಾಗಲೂ, ಮನೆಮಂದಿಗೆ ಹೊಳೆಯುವುದು ವಿರಳ. ಬಾಲಗ್ರಹವೆಂಬ ಪ್ರಾಚೀನ ನಾಮಧೇಯವೊಂದು ಅಲ್ಲಿ ಸಿದ್ಧವಾಗಿಯೇ ಇರುತ್ತದೆ. ಆ ಹೆಸರನ್ನು ಪರಿಹಾಸ ಮಾಡಲು ನನಗೆ ಮನಸ್ಸಿಲ್ಲ. ಏಕೆಂದರೆ ಪಾಶ್ಚಾತ್ಯ ವೈದ್ಯಶಾಸ್ತ್ರವೂ ಇಂಥ ಶಿಶುಗಳ ಸಂಕಟಕ್ಕೆ ಕಾರಣವನ್ನು ಹುಡುಕತೊಡಗಿ ಸುಮಾರು ನೂರು ವರ್ಷವಷ್ಟೇ ಆಗಿದೆ.

1929ರಲ್ಲಿ ಜರ್ಮನಿಯ ಎಡ್ಗರ್ ಫಾನ್ ಗೀರ್ಕೆ ಎಂಬ ರೋಗಶಾಸ್ತ್ರಜ್ಞನು, ಮೃತರಾದ ಮಕ್ಕಳ ಯಕೃತ್ತು ಮೂತ್ರಪಿಂಡಗಳು ಗ್ಲೈಕೋಜನ್ ಎಂಬ ಶರ್ಕರಸಂಚಯದಿಂದ ಉಬ್ಬಿಹೋಗಿದ್ದುದನ್ನು ಕಂಡು ವರ್ಣಿಸಿದನು. ಕಣಜ ತುಂಬಿದ್ದೂ ಮನೆಯವರು ಉಪವಾಸ ಸತ್ತಂತಹ ವಿಪರ್ಯಾಸವದು. ಕಣಜದ ಬಾಗಿಲು ತೆರೆಯದಿರುವುದಕ್ಕೆ ಕಾರಣವು ತಿಳಿದದ್ದು 1952ರಲ್ಲಿ. ಗರ್ಟಿ ಮತ್ತು ಕಾರ್ಲ್ ಕೋರಿ ದಂಪತಿಗಳು ಆ ಮಕ್ಕಳ ಯಕೃತ್ತಿನಲ್ಲಿ ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟುಕೊಡುವ ಕಿಣ್ವವೊಂದರ ಅಭಾವವನ್ನು ತೋರಿಸಿಕೊಟ್ಟರು. ಅದಾಗಿ ಎರಡೇ ವರ್ಷಕ್ಕೆ, 1954ರಲ್ಲಿ, ಅಮೆರಿಕದ ಇರ್ವಿನ್ ಮೆಕ್ವಾರಿಯು ಇನ್ನೊಂದು ಬಗೆಯ ಶಿಶುಗಳನ್ನು ವಿವರಿಸಿದನು: ಯಾವ ಕಾರಣವೂ ಗೋಚರಿಸದೆ ಇವುಗಳ ಸಕ್ಕರೆ ತಾನಾಗಿ ಕುಸಿಯುತ್ತಿತ್ತು. ಇವುಗಳಲ್ಲಿ ಬಹಳವು ಇನ್ಸುಲಿನ್ ಅತಿಯಾಗಿ ಸ್ರವಿಸುವ ಶಿಶುಗಳೆಂಬುದು ಕ್ರಮೇಣ ತಿಳಿಯಿತು. ಇನ್ಸುಲಿನ್ ಹೆಚ್ಚಿದ್ದಲ್ಲಿ ಕೊಬ್ಬು ಕರಗಿ ಕೀಟೋನುಗಳಾಗುವುದೂ ನಿಲ್ಲುವುದರಿಂದ ಮಿದುಳಿಗೆ ಸಕ್ಕರೆಯೂ ಇಲ್ಲ, ಅದರ ಬದಲಿನ ಇಂಧನವೂ ಇಲ್ಲ; ಆದಕಾರಣ ಈ ಗುಂಪೇ ಅತ್ಯಂತ ಘೋರವಾದದ್ದು. 1964ರಲ್ಲಿ ಬಂದ ಡಯಜೋಕ್ಸೈಡ್ ಚಿಕಿತ್ಸೆಯು ಹಲವು ಮಕ್ಕಳನ್ನು ಉಳಿಸಿತು; ಜೀನುಗಳ ಗುಟ್ಟು ಹೊರಬೀಳತೊಡಗಿದ್ದು 1995ರಲ್ಲಿ.

ಅದೇ 1963-64ರ ಸುಮಾರಿಗೆ ಅಮೆರಿಕದ ಬೆಕ್‌ವಿತ್ ಮತ್ತು ಜರ್ಮನಿಯ ವೀಡೆಮನ್ ಎಂಬಿಬ್ಬರು, ಒಬ್ಬರನ್ನೊಬ್ಬರು ಅರಿಯದೆ, ದೊಡ್ಡ ನಾಲಿಗೆ, ಹೊಕ್ಕುಳಲ್ಲಿ ಹೊರಚಾಚಿದ ಕರುಳು, ಭಾರಿ ಶರೀರ ಇವುಗಳೊಡನೆ ಹುಟ್ಟುವ ಶಿಶುಗಳನ್ನು ವರ್ಣಿಸಿದರು. ನೋಡಲು ಗುಂಡುಗುಂಡಾಗಿ, ದೃಷ್ಟಿಬೊಟ್ಟು ಇಡಬೇಕೆನಿಸುವಂತಿರುವ ಇಂತಹ ಕೂಸಿನ ಸಕ್ಕರೆ ಮೊದಲ ದಿನಗಳಲ್ಲಿಯೇ ಇಳಿಯಬಹುದೆಂದು ಯಾರು ಊಹಿಸಿಯಾರು? 1981ರಲ್ಲಿ ಜಪಾನಿನ ನೀಕಾವಾ ಮತ್ತು ಕುರೋಕಿ ಎಂಬ ವೈದ್ಯರು ಬೇರೆ ಬೇರೆಯಾಗಿ ಗುರುತಿಸಿದ ಲಕ್ಷಣಸಮೂಹಕ್ಕೆ, ಮಕ್ಕಳ ನೀಳವಾದ ಕಣ್ಣು ತಮ್ಮ ನಾಡಿನ ಕಬುಕಿ ನಾಟಕದ ಬಣ್ಣದ ವೇಷವನ್ನು ನೆನಪಿಗೆ ತಂದದ್ದರಿಂದ, ಆ ಹೆಸರೇ ಬಂತು. ನಮ್ಮ ಕಡೆಯ ವೈದ್ಯರಾಗಿದ್ದರೆ ದೊಡ್ಡಾಟದ ಹೆಸರಿಡುತ್ತಿದ್ದರೇನೋ! ಈ ಮಕ್ಕಳಲ್ಲಿಯೂ ಕೆಲವರಿಗೆ ಸಕ್ಕರೆ ಇಳಿಯುವ ಪೀಡೆಯುಂಟು.

ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸುವ ಘಟ್ಟ ಬೇರೆ. ಫಾನ್ ಗೀರ್ಕೆಯ ಕಾಯಿಲೆಯ ಮಕ್ಕಳನ್ನು ರಾತ್ರಿ ಕಾಪಾಡಲು 1970ರ ದಶಕದಲ್ಲಿ ಮೂಗಿನ ನಳಿಕೆಯಿಂದ ಬೆಳಗಿನವರೆಗೆ ಗ್ಲೂಕೋಸ್ ಹನಿಸುತ್ತಿದ್ದರು. 1984ರಲ್ಲಿ ಚೆನ್, ಕಾರ್ನ್‌ಬ್ಲಾತ್, ಸಿಡ್‌ಬರಿ ಎಂಬ ಮೂವರು, ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಅದು ಕರುಳಿನಲ್ಲಿ ಮೆಲ್ಲಮೆಲ್ಲನೆ ಜೀರ್ಣವಾಗಿ ಗಂಟೆಗಟ್ಟಲೆ ಸಕ್ಕರೆ ಒದಗಿಸುವುದೆಂದು ತೋರಿಸಿದರು. ರಾಯಚೂರಿನ ಗೋಬಿ ಮಂಚೂರಿ ಬಂಡಿಯವನು ಕಾರ್ನ್‌ಫ್ಲೋರ್ ಎಂದು ಕರೆಯುವ ಬಿಳಿಯ ಪುಡಿಯೇ ಇದು. ಗಿರಣಿಯಲ್ಲಿ ಬೀಸಿದ ಹಳದಿ ಮೆಕ್ಕೆಜೋಳದ ಹಿಟ್ಟು ಅದಕ್ಕೆ ಸಾಟಿಯಲ್ಲ. ತಣ್ಣೀರಿನಲ್ಲಿ ಚಮಚೆಯಿಂದ ತಿರುವಿದರೆ ಹಾಲಿನಂತಾಗಿ, ತಿರುವುವುದನ್ನು ಬಿಟ್ಟೊಡನೆ ತಳಕ್ಕೆ ಸುಣ್ಣದಂತೆ ಕುಳಿತುಬಿಡುತ್ತದೆ. ಆದ್ದರಿಂದ ಕದಡಿದೊಡನೆ ಕುಡಿಸಬೇಕು. ಆದರೆ ನಮ್ಮ ತಾಯಂದಿರ ಕೈಗೆ ತಲೆಮಾರುಗಳಿಂದ ಬಂದಿರುವ ಅಭ್ಯಾಸವೆಂದರೆ ಹಿಟ್ಟೆಂದರೆ ಕಾಯಿಸುವುದು: ಗಂಜಿಯಾಗಲಿ ಅಂಬಲಿಯಾಗಲಿ ಒಲೆಯ ಮೇಲೇರದೆ ಕೂಸಿನ ಬಾಯಿಗೆ ಬಾರದು. ಹಸಿ ಹಿಟ್ಟು ಹೊಟ್ಟೆ ನೋಯಿಸೀತೆಂಬ ಮಮತೆಯಿಂದ ಅಜ್ಜಿಯು ಅದನ್ನು ಒಂದು ಕುದಿ ಬರಿಸಿದಳೋ, ಪಿಷ್ಟವು ಬೇಗನೆ ಜೀರ್ಣವಾಗಿ, ಬೆಳಗಿನವರೆಗೆ ಕಾಯಬೇಕಾದ ಔಷಧವು ನಡುರಾತ್ರಿಗೇ ಮುಗಿದುಹೋಗುತ್ತದೆ. ವೈದ್ಯರು ಚೀಟಿಯಲ್ಲಿ ಎಷ್ಟು ಗ್ರಾಮೆಂದು ಬರೆಯುವುದಕ್ಕಿಂತ ಮೊದಲು, ಕಾಯಿಸಬೇಡಿರೆಂಬ ಮಾತನ್ನು ತಾಯಿಗೂ ಅಜ್ಜಿಗೂ ಕೂರಿಸಿಕೊಂಡು ಹೇಳುವುದೇ ಮೇಲೆಂದು ನನ್ನ ಅಭಿಪ್ರಾಯ. ತೀರ ಎಳೆಯ ಶಿಶುಗಳಿಗೆ ಈ ಪಿಷ್ಟ ಜೀರ್ಣವಾಗದು. ಅವಕ್ಕೆ ಗಡಿಯಾರ ನೋಡಿ ಹಾಲೂಡುವುದೋ ನಳಿಕೆಯಿಂದ ಹನಿಸುವುದೋ ಗತಿ.

ಕರ್ನಾಟಕದಲ್ಲಿ ಹುಟ್ಟುರೋಗಗಳ ವ್ಯವಸ್ಥಿತ ಶೋಧನೆಯು 1980ರ ದಶಕದ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಸಂಗಡಿಗರು ಬೆಂಗಳೂರು ಮೈಸೂರುಗಳ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತದ ಹನಿಯನ್ನು ಪರೀಕ್ಷಿಸಿದರು. ಅವರು ಅರಸಿದ್ದು ಅಮೈನೋ ಆಮ್ಲಗಳ ದೋಷವನ್ನೇ ಹೊರತು ಸಕ್ಕರೆಯನ್ನಲ್ಲವಾದರೂ, ಜೊತೆಗೆ ಕಲೆಹಾಕಿದ ವಿವಾಹವೃತ್ತಾಂತದಿಂದ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲಿಯೇ ನಡೆದದ್ದು, ಅದರಲ್ಲಿಯೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಸಂಪ್ರದಾಯವೇ ಮುಂದಾಗಿದ್ದುದು ಗೊತ್ತಾಯಿತು. ಫಾನ್ ಗೀರ್ಕೆಯ ಕಾಯಿಲೆಯಂಥವು ತಾಯಿತಂದೆಯರಿಬ್ಬರಿಂದಲೂ ದೋಷದ ಜೀನು ಬಂದಾಗ ಮಾತ್ರ ತಲೆದೋರುವುದರಿಂದ ಈ ರೂಢಿಯು ಪ್ರಸ್ತುತವೇ ಸರಿ. ಆದರೆ ಕಬುಕಿಯೂ ಬೆಕ್‌ವಿತ್-ವೀಡೆಮನ್ನೂ ಬಹುಮಟ್ಟಿಗೆ ಆ ಮಗುವಿನಲ್ಲಿಯೇ ಹೊಸದಾಗಿ ಮೂಡುವಂಥವು. ಅವಕ್ಕೂ ಸಂಬಂಧದ ಮದುವೆಯನ್ನೋ ಸೊಸೆಯ ಕಾಲ್ಗುಣವನ್ನೋ ದೂರುವುದು ಅನ್ಯಾಯ.

ಇನ್ನು ಚಿಕಿತ್ಸೆಯ ಆಸರೆಯ ಮಾತು. ರಾಯಚೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜಾದ ರಿಮ್ಸ್ ಬಂದದ್ದು 2007ರಲ್ಲಿ, 108ರ ಗಾಡಿ ಓಡಾಡತೊಡಗಿದ್ದು ಅದರ ಮರುವರ್ಷ. ವಿರಳ ರೋಗಗಳ ರಾಷ್ಟ್ರೀಯ ನೀತಿಯು 2021ರಲ್ಲಿ ಹೊರಬಂದು, ನೆರವಿನ ಮಿತಿಯು ಮರುವರ್ಷ 50 ಲಕ್ಷ ರೂಪಾಯಿಗೆ ಏರಿತು. ಆ ನೀತಿಯಡಿಯ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇನ್ನೊಂದು ಹೈದರಾಬಾದಿನಲ್ಲಿಯೂ ಇವೆ. ನಿಜಾಮರ ಕಾಲದಿಂದ ಹೈದರಾಬಾದಿನ ದಾರಿ ತುಳಿದ ರಾಯಚೂರಿನವರಿಗೆ ಬೆಂಗಳೂರಿನ ಅರ್ಧದಷ್ಟೇ ದೂರದ ಆ ಊರೇ ಇಂದಿಗೂ ಸಮೀಪ. ಏಮ್ಸ್ ಬೇಕೆಂದು ರಾಯಚೂರು ನಡೆಸಿದ ದೀರ್ಘ ಧರಣಿಯನ್ನು ಹಟವೆಂದು ಕರೆಯುವವರು ಕೂಸನ್ನು ಮಡಿಲಲ್ಲಿಟ್ಟುಕೊಂಡು ಆ ದೂರವನ್ನು ಒಮ್ಮೆ ಕ್ರಮಿಸಿ ನೋಡಬೇಕು.

ಆದರೆ ಕಾರಣದ ಕೀಲಿಕೈ ಎಷ್ಟೋ ಸಲ ತಾಲೂಕು ಆಸ್ಪತ್ರೆಯಲ್ಲಿಯೇ ಕೈತಪ್ಪುತ್ತದೆ. ಮಾನ್ವಿಯ ಆಸ್ಪತ್ರೆಗೆ ಇಂಥ ಕೂಸು ಬಂತೆಂದಿಟ್ಟುಕೊಳ್ಳೋಣ: ಹಿಮ್ಮಡಿ ಚುಚ್ಚಿ ಪಟ್ಟಿಗೆ ಹನಿ ಮುಟ್ಟಿಸಿದರೆ ಯಂತ್ರ 28 ಎನ್ನುತ್ತದೆ, ನರ್ಸಮ್ಮ ಒಡನೆಯೇ ಗ್ಲೂಕೋಸ್ ಏರಿಸುತ್ತಾಳೆ, ಕೂಸು ಕಣ್ಣು ಬಿಡುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಗ್ಲೂಕೋಸಿಗೆ ಸೂಜಿ ಹಾಕುವಾಗಲೇ, ಔಷಧಕ್ಕೆ ನಿಮಿಷವೂ ತಡವಾಗದಂತೆ, ತುಸು ರಕ್ತವನ್ನು ಬೇರೆ ಸೀಸೆಗೆ ತೆಗೆದಿಟ್ಟಿದ್ದರೆ ಇನ್ಸುಲಿನ್, ಕೀಟೋನ್, ಲ್ಯಾಕ್ಟೇಟ್‌ಗಳು ಒಳಗಿನ ಕಥೆಯನ್ನು ಹೇಳುತ್ತಿದ್ದವು; ಸಕ್ಕರೆ ಏರಿದ ಮೇಲೆ ತೆಗೆದ ರಕ್ತ ಮೂಕ. ಆಗ ಉಳಿಯುವುದು ಒಂದೇ ಪ್ರಶ್ನೆ, ಕೂಸು ಕಡೆಯ ಸಲ ಹಾಲು ಕುಡಿದದ್ದು ಯಾವಾಗ ಎಂಬುದು. ಉಂಡ ಗಂಟೆಯೊಳಗೇ ಸಕ್ಕರೆ ಬಿದ್ದರೆ ಸಂಶಯ ಇನ್ಸುಲಿನ್ನಿನ ಮೇಲೆ; ಮೂರುನಾಲ್ಕು ಗಂಟೆ ಕಳೆದು ಬಿದ್ದರೆ ಬಾಗಿಲು ತೆರೆಯದ ಆ ಕಣಜದ ಮೇಲೆ. ಬಾಗಿಲ ಬಳಿ ಸೆರಗು ಹಿಡಿದು ನಿಂತ ತಾಯಿಗೆ ಅದು ತಿಳಿದಿರುತ್ತದೆ. ‘ರಾತ್ರಿ ಎರಡಕ್ಕ ಕುಡದಿತ್ರೀ, ಆಮ್ಯಾಲೆ ಎಬ್ಬಿಸಿದ್ರೂ ಏಳಲಿಲ್ಲ’ ಎಂದು ಅವಳು ಹೇಳುವ ಮಾತು ಕೇಸಿನ ಹಾಳೆಯ ಮೇಲೆ ಬರಬೇಕು.