ಸಣ್ಣದಾದಷ್ಟೂ ಕಾವಲು

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಬಸುರಿ ಹೆಂಗಸಿಗೆ ‘ಸ್ಕ್ಯಾನಿಂಗ್ ಮಾಡಿಸ್ಕೊಂಡು ಬಾ’ ಅಂದ್ರ ಎಷ್ಟೋ ಸಲ ಒಂದು ದಿನದ ಕೂಲಿ ಹೋದಂಗೇ. ಕಲಬುರಗಿಗೋ ಸೊಲ್ಲಾಪುರಕ್ಕೋ ಬಸ್ಸು, ಅಲ್ಲಿ ಪಾಳಿ, ತಿರುಗಿ ಬಸ್ಸು. ಆಕೆ ಅಷ್ಟು ದೂರ ಹೋಗುವುದು ಹೊಟ್ಟೆ ಮೇಲೆ ಆಡಿಸುವ ಒಂದು ಪ್ರೋಬಿಗಾಗಿ. ಅದರೊಳಗಿನ ಹರಳು ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಇಷ್ಟು ಸಣ್ಣ ವಸ್ತು ಆಕೆಯ ಮನೆ ಬಾಗಿಲಿಗೆ ಯಾಕೆ ಬರಲಿಲ್ಲ ಅನ್ನೋದಕ್ಕ ಒಂದು ಇತಿಹಾಸ ಅದ.

ಕೆಲವು ಹರಳುಗಳನ್ನು ಒತ್ತಿದರೆ ಕರೆಂಟು ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ಕಂಡರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಲಾಂಜವ್ಯಾಂ, ಉಕ್ಕಿನ ತಟ್ಟೆಗಳ ನಡುವೆ ಕ್ವಾರ್ಟ್ಜ್ ಇಟ್ಟು ಸಬ್‌ಮರೀನ್ ಹುಡುಕಲು ಹೊರಟರು. ಬೆಂಗಳೂರಿನ ಪಾಲೂ ಇದರಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ, ಅಲ್ಟ್ರಾಸಾನಿಕ್ ಅಲೆ ಹಾಯುವ ದ್ರವದಲ್ಲಿ ಬೆಳಕು ಹ್ಯಾಂಗ ಚದುರುತ್ತದೆಂದು ವಿವರಿಸಿದರು. ಕಿವಿಗೆ ಕೇಳದ ಸದ್ದನ್ನು ಬೆಳಕಿನಿಂದ ಅಳೆಯುವ ದಾರಿ ಅದು. ಗ್ಲಾಸ್ಗೋದ ಡಾಕ್ಟರ್ ಇಯಾನ್ ಡೊನಾಲ್ಡ್ ಅಂತೂ ಬಾಯ್ಲರ್ ಕಂಪನಿಯವರು ಲೋಹದ ಬಿರುಕು ಹುಡುಕುವ ಮಷೀನನ್ನೇ ಹೊಟ್ಟೆಯ ಗಡ್ಡೆಗಳ ಮೇಲೆ ಪರೀಕ್ಷಿಸಿ, 1958ರಲ್ಲಿ ಭ್ರೂಣದ ಚಿತ್ರ ಪ್ರಕಟಿಸಿದರು.

ಹರಳು ತೆಳುವಾದಷ್ಟೂ ಅದರ ಕಂಪನ ಏರುತ್ತದೆ, ಚಿತ್ರ ನಯವಾಗುತ್ತದೆ. ಆದರೆ ಸದ್ದು ಆಳಕ್ಕೆ ಇಳಿಯುವುದಿಲ್ಲ. ಹೊಟ್ಟೆಗೆ 3.5 ಮೆಗಾಹರ್ಟ್ಜ್ ಆಸುಪಾಸು ಬೇಕು. ಅದಕ್ಕೇ ಆ ಅರ್ಧ ಮಿಲಿಮೀಟರ್. ಆ ಹರಳನ್ನು ವಜ್ರದ ಗರಗಸದಿಂದ 128 ಪಟ್ಟಿಗಳಾಗಿ ಸೀಳಿ, ಒಂದೊಂದಕ್ಕೂ ಕೂದಲೆಳೆಯಷ್ಟು ಹಿಂದೆ-ಮುಂದೆ ಕರೆಂಟು ಕೊಟ್ಟರೆ ಕೈ ಆಡಿಸದೆಯೇ ಸದ್ದು ಬೇಕಾದ ಕಡೆ ಹೊರಳುತ್ತದೆ. ಕೋಡ್ ಬರೆದು ಹೊಟ್ಟೆ ಹೊರೆಯೋ ನನ್ನಂಥವನಿಗೆ ಇದು ಹಬ್ಬ ನೋಡ್ರಿ. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಖುರಿ-ಯಾಕುಬ್ ತಂಡ ಹರಳನ್ನೇ ಬಿಟ್ಟು ಸಿಲಿಕಾನ್ ಮೇಲೆ ಪುಟ್ಟ ಹಲಗೆಗಳನ್ನು ಮಾಡಿತು. 2017ರಲ್ಲಿ ಅಮೆರಿಕ ಒಪ್ಪಿದ ಒಂದು ಪ್ರೋಬಿನ ಚಿಪ್ಪಿನಲ್ಲಿ ಅಂಥವು ಸುಮಾರು 9,000 ಇದ್ದವು. ಫೋನಿಗೆ ಸಿಕ್ಕಿಸಿದರೆ ಆಯ್ತು.

ನಮ್ಮಲ್ಲಿ ಸಣ್ಣದಾಗುವುದೇ ಅನುಮಾನಕ್ಕೆ ಕಾರಣವಾಯ್ತು. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ಕ್ಕೆ 927. ಲಿಂಗಪತ್ತೆ ತಡೆಯುವ 1994ರ ಕಾನೂನು 2003ರಲ್ಲಿ ಬಿಗಿಯಾಗಿ, ನೋಂದಾಯಿಸದ ಕೇಂದ್ರಕ್ಕೆ ಮಷೀನು ಮಾರುವುದೂ ಅಪರಾಧವಾಯ್ತು. 2012ರ ನಿಯಮದ ಪ್ರಕಾರ ಪೋರ್ಟಬಲ್ ಮಷೀನು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೇ ಬೇರೆ ಚಿಕಿತ್ಸೆಯೂ ಕೊಡುವ ಸಂಚಾರಿ ಘಟಕಕ್ಕೆ ಮಾತ್ರ.

ಈ ಕಾವಲು ತಪ್ಪು ಅಂತ ನಾ ಅನ್ನೋದಿಲ್ಲ. ಚೀಲದಾಗ ಹಿಡಿಸೋ ಪ್ರೋಬು ಯಾರ ಮನಿಗೂ ಹೋಗಬಹುದು. ಆದರೆ ಭೀಮಾ ದಂಡೆಯ ಹಳ್ಳಿಯಲ್ಲಿ ಮಾಸು ಕೆಳಗಿಳಿದು ಕೂತಿದ್ದು ರಕ್ತ ಹೋಗುವ ತನಕ ಗೊತ್ತಾಗದಿದ್ದರೆ, ಆ ಕಾವಲಿನ ಬೆಲೆ ಕೊಡುವವಳು ಆ ತಾಯಿ. ಕೊಲ್ಹಾಪುರದಲ್ಲಿ ಮಷೀನಿಗೇ ‘ಸೈಲೆಂಟ್ ಅಬ್ಸರ್ವರ್’ ಎಂಬ ಪೆಟ್ಟಿಗೆ ಕೂಡಿಸಿ ಪ್ರತಿ ಸ್ಕ್ಯಾನಿನ ದಾಖಲೆ ಇಟ್ಟರು. ಖಾಸಗಿತನ ಹೋಗುತ್ತದೆಂಬ ತಕರಾರು ಬಂದರೂ 2011ರಲ್ಲಿ ಬಾಂಬೆ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅವತ್ತು ಅದಕ್ಕೆ ಬೇರೆ ಪೆಟ್ಟಿಗೆಯೇ ಬೇಕಿತ್ತು. ಫೋನಿಗೆ ಸಿಕ್ಕಿಸುವ ಪ್ರೋಬಿನಲ್ಲಿ ಆ ಕೆಲಸ ಫೋನಿನ ಒಳಗೇ ಆಗಬಹುದು.