ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಅಂಗಳಕ್ಕೆ

ಮಡಿಕೇರಿ ಪಕ್ಕದ ಗಾಳಿಬೀಡಿನಂಥ ಬೆಟ್ಟದೂರಿನಲ್ಲಿ ನಡೆಯುವುದೆಂದರೆ ಏರು ಹತ್ತುವುದು, ಇಳಿಯುವುದು. ಹೃದಯಾಘಾತವಾಗಿ ಮೈಸೂರಿನಲ್ಲೋ ಮಂಗಳೂರಿನಲ್ಲೋ ಚಿಕಿತ್ಸೆ ಪಡೆದು ಮರಳಿದವರಿಗೆ ಆ ಏರನ್ನು ಕಂಡರೇ ಭಯ. ‘ಏಳಬೇಡಿ, ಸುಮ್ಮನೆ ಮಲಗಿ’ ಎನ್ನುವ ಮನೆಯವರ ಪ್ರೀತಿ ಆ ಭಯವನ್ನು ಇನ್ನಷ್ಟು ಬೆಳೆಸುತ್ತದೆ.

ಒಂದು ಕಾಲಕ್ಕೆ ವೈದ್ಯರೂ ಇದನ್ನೇ ಹೇಳುತ್ತಿದ್ದರು. 20ನೇ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತಕ್ಕೆ ವಾರಗಟ್ಟಲೆ ಹಾಸಿಗೆ ಹಿಡಿಯುವುದೇ ಮದ್ದು. ಎಷ್ಟೋ ಕಡೆ ರೋಗಿ ತಾನೇ ಕೈಯೆತ್ತಿ ಉಣ್ಣುವಂತೆಯೂ ಇರಲಿಲ್ಲ. ಮಲಗಿದಷ್ಟೂ ಮನಸ್ಸು ಕುಸಿಯುತ್ತಿತ್ತು. 1952ರಲ್ಲಿ ಬಾಸ್ಟನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್, ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ ನೋಡಿದ ಅನುಭವವನ್ನು ಪ್ರಕಟಿಸಿದರು. ಕೂತವರಿಗೆ ಕೇಡಾಗಲಿಲ್ಲ, ಗೆಲುವು ಬಂತು. 1955ರಲ್ಲಿ ಹೃದಯಾಘಾತಕ್ಕೊಳಗಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಮರುವರ್ಷವೇ ಮತ್ತೆ ಚುನಾವಣೆ ಗೆದ್ದರು. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೃದ್ರೋಗಿಯ ಪುನಶ್ಚೇತನದಲ್ಲಿ ದೇಹದ ಜೊತೆಗೆ ಮನಸ್ಸನ್ನೂ ಸಾಮಾಜಿಕ ಬದುಕನ್ನೂ ಸೇರಿಸಿದರು.

ವೈದ್ಯಶಾಸ್ತ್ರ ಆ ಹಾಸಿಗೆ ಬಿಟ್ಟು ದಶಕಗಳೇ ಆದವು. ನಮ್ಮ ಮನೆಗಳು ಇನ್ನೂ ಪೂರ್ತಿ ಬಿಟ್ಟಿಲ್ಲ. ವೈದ್ಯರು ಹೇಳಿದಷ್ಟು, ಮೊದಲು ಅಂಗಳದಲ್ಲಿ, ಆಮೇಲೆ ಏರಿನಲ್ಲಿ ಜೊತೆಗೆ ನಡೆಯುವವರೊಬ್ಬರು ಬೇಕು. ಮಾತ್ರೆಯಷ್ಟೇ ಅದೂ ಮುಖ್ಯ.