ವೀಕೆಂಡ್ ಇತಿಹಾಸ, ಭಾಗ 4: ಲಾಲ್‌ಬಾಗ್

ನಮ್ಮ ಕೊಣನೂರಿನ ತೂಗುಸೇತುವೆ ಮೇಲೆ ಜೋಡಿಯಾಗಿ ನಿಂತ್ರೆ, ನಾವು ಮನೆ ಸೇರೋ ಮೊದಲೇ ಸುದ್ದಿ ಸೇರಿರುತ್ತೆ ಅಲ್ವಾ? 😅

ಡಿಸೆಂಬರ್ ಚಳಿಯಲ್ಲಿ ಇಬ್ಬರೇ ಬೆಂಗಳೂರಿಗೆ ಹೋಗೋ ಪ್ಲಾನ್ ಇದ್ರೆ, ದುಬಾರಿ ಕೆಫೆ ಆಮೇಲೆ. ಮೊದಲು ಬೆಳಗ್ಗೆಯೇ ಲಾಲ್‌ಬಾಗ್‌ಗೆ ಹೋಗಿ.

1760ರಲ್ಲಿ ಹೈದರಾಲಿ ಹಾಕಿಸಿದ ತೋಟ ಅದು. ಟಿಪ್ಪು ಹೊರದೇಶಗಳಿಂದ ಗಿಡ ತರಿಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಕೆಂಪೇಗೌಡರ ಗೋಪುರ ಇರೋ ಬಂಡೆಗಂತೂ ಸುಮಾರು 300 ಕೋಟಿ ವರ್ಷ!

ದೊರೆಗಳ ಆ ತೋಟಕ್ಕೆ ಈಗ ಟಿಕೆಟ್ ತಗೊಂಡ್ರೆ ಸಾಕು. ಯಾರ ಮನೆಯವರು, ಯಾವ ಜಾತಿ ಅಂತ ಕೌಂಟರ್‌ನಲ್ಲಿ ಕೇಳಲ್ಲ. ಆ ಬಂಡೆ ಮೇಲೆ ಕೂತು ಬಿಸಿಬಿಸಿ ಕಡ್ಲೇಕಾಯಿ ತಿನ್ನುವಾಗ ಯೋಚಿಸಿ: ನಮ್ಮ ಹೊಳೆ ದಡದಲ್ಲಿ ಹಾಗೆ ನೆಮ್ಮದಿಯಾಗಿ ಕೂರೋದು ಯಾವಾಗ?